ಹೀಟ್ ಪಂಪ್‌ಗೆ ವಯಸ್ಸೆಷ್ಟು, ಬದಲಿಸುವ ಕಾಲ ಯಾವುದು?

ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಪುರಭವನವನ್ನು ಬೆಚ್ಚಗಿಡಲು 1938ರಲ್ಲಿ ಒಂದು ಹೀಟ್ ಪಂಪ್ ಅಳವಡಿಸಿದರು. ಪಕ್ಕದಲ್ಲೇ ಹರಿಯುವ ಲಿಮ್ಮಾಟ್ ನದಿಯ ನೀರಿನಿಂದ ಶಾಖ ಹೀರಿ ಕಟ್ಟಡದೊಳಗೆ ತಂದು ಬಿಡುತ್ತಿದ್ದ ಆ ಯಂತ್ರಕ್ಕೆ ನಿವೃತ್ತಿ ಸಿಕ್ಕಿದ್ದು 2001ರಲ್ಲಿ, 63 ವರ್ಷ ದುಡಿದ ಮೇಲೆ. ಅದರ ಜಾಗಕ್ಕೆ ಬಂದದ್ದು ಇನ್ನೂ ದಕ್ಷವಾದ ಇನ್ನೊಂದು ಹೀಟ್ ಪಂಪ್. ಇಂದಿನ ಮನೆಗಳ ಹೊರಗೋಡೆಯ ಪಕ್ಕ ಗುಂಯ್‌ಗುಡುತ್ತ ನಿಂತಿರುವ ಪೆಟ್ಟಿಗೆಗಳಿಗಾದರೋ ಸಾಮಾನ್ಯವಾಗಿ ಹೇಳುವ ಆಯುಷ್ಯ 10ರಿಂದ 15 ವರ್ಷ. ಚೆನ್ನಾಗಿ ನೋಡಿಕೊಂಡರೆ 20ರ ಹತ್ತಿರ. ಉಪ್ಪುಗಾಳಿ ಬೀಸುವ ಕಡಲತೀರದಲ್ಲಿ 10 ದಾಟಿದರೆ ಅದೃಷ್ಟ. ಶಾಖವನ್ನು ಗಾಳಿಯಿಂದಲ್ಲದೆ ನೆಲದಾಳದಿಂದ ತೆಗೆಯುವ ವ್ಯವಸ್ಥೆಯ ಯಂತ್ರಭಾಗ 20ರಿಂದ 25 ವರ್ಷ ನಡೆಯುತ್ತದೆ, ನೆಲದಲ್ಲಿ ಹೂತ ಕೊಳವೆಗಳು 50 ವರ್ಷ ದಾಟುತ್ತವೆ.

ಹೀಗೆ ಒಂದೇ ತತ್ತ್ವದ ಯಂತ್ರಗಳ ಆಯುಷ್ಯ ಇಷ್ಟೊಂದು ಹರಡಿಕೊಂಡಿರುವಾಗ, ‘ಹನ್ನೆರಡು ವರ್ಷವಾಯಿತಲ್ಲ, ತೆಗೆಸಿಬಿಡಿ’ ಎಂಬ ಸಲಹೆಯನ್ನು ಕಣ್ಣು ಮುಚ್ಚಿ ಒಪ್ಪುವುದು ಕಷ್ಟ. ಯಂತ್ರ ಎಷ್ಟು ಹಳೆಯದು ಎಂಬುದು ಒಂದು ಪ್ರಶ್ನೆ. ಅದನ್ನು ಬದಲಿಸಬೇಕೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹತ್ತು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಎರಡನೆಯದು ಒಂದು ಲೆಕ್ಕಾಚಾರ, ವಯಸ್ಸು ಅದರಲ್ಲಿ ಒಂದು ಬಾಬತ್ತು ಮಾತ್ರ.

ಯಂತ್ರದ ಒಳಗು ಗೊತ್ತಿದ್ದರೆ ಮುಂದಿನ ಮಾತು ಸುಲಭ. ಹೀಟ್ ಪಂಪ್ ಶಾಖವನ್ನು ಹುಟ್ಟಿಸುವುದಿಲ್ಲ, ಸಾಗಿಸುತ್ತದೆ. ಹೊರಗಿನ ಸುರುಳಿಯಲ್ಲಿ ಹರಿಯುವ ಶೀತಕ ದ್ರವ ಹೊರಗಾಳಿಗಿಂತಲೂ ತಣ್ಣಗಿರುವುದರಿಂದ ಚಳಿಯಲ್ಲೂ ಆ ಗಾಳಿಯಿಂದ ಶಾಖ ಹೀರಿ ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿದಾಗ ಅದರ ತಾಪ ಏರುತ್ತದೆ. ಒಳಗಿನ ಸುರುಳಿಯಲ್ಲಿ ಅದು ಮತ್ತೆ ದ್ರವವಾಗುತ್ತ ಹೊತ್ತು ತಂದ ಶಾಖವನ್ನು ಮನೆಗೆ ಕೊಡುತ್ತದೆ. ರಿವರ್ಸಿಂಗ್ ವಾಲ್ವ್ ಎಂಬ ಕವಾಟ ಹರಿವಿನ ದಿಕ್ಕು ಬದಲಿಸಿದರೆ ಇದೇ ಯಂತ್ರ ಬೇಸಿಗೆಯಲ್ಲಿ ಏರ್ ಕಂಡಿಷನರ್. ಒಂದು ಯೂನಿಟ್ ವಿದ್ಯುತ್ತಿಗೆ ಎರಡು, ಮೂರು, ನಾಲ್ಕು ಯೂನಿಟ್ ಶಾಖ ಸಿಗುವುದು ಇದರಿಂದಲೇ. ಈ ಅನುಪಾತಕ್ಕೆ ಸಿಒಪಿ ಎನ್ನುತ್ತಾರೆ. ಆದರೆ ಬೇಸಿಗೆಯಲ್ಲಷ್ಟೇ ಓಡುವ ಏರ್ ಕಂಡಿಷನರ್‌ಗೆ ಸಿಗುವ ವಿಶ್ರಾಂತಿ ಹೀಟ್ ಪಂಪ್‌ಗೆ ಇಲ್ಲ. ಎರಡೂ ಋತುಗಳಲ್ಲಿ ದುಡಿಯುವುದರಿಂದ ಅದು ಬೇಗ ಸವೆಯುತ್ತದೆ.

ಫಲಕದ ಮೇಲೆ ಬರೆದದ್ದು

ಹೊರ ಘಟಕದ ಪಕ್ಕಕ್ಕೋ ಹಿಂಬದಿಗೋ ಲೋಹದ ಅಥವಾ ಸ್ಟಿಕ್ಕರಿನ ಮಾಹಿತಿ ಫಲಕ ಅಂಟಿಸಿರುತ್ತಾರೆ. ಮಾಡೆಲ್ ನಂಬರ್, ಸೀರಿಯಲ್ ನಂಬರ್, ವೋಲ್ಟೇಜ್, ಶೀತಕದ ಹೆಸರು, ಕಾರ್ಖಾನೆಯಲ್ಲಿ ತುಂಬಿದ ಅದರ ತೂಕ ಎಲ್ಲವೂ ಅಲ್ಲಿರುತ್ತವೆ. ತಯಾರಿಕೆಯ ತಿಂಗಳು, ವರ್ಷ ನೇರವಾಗಿ ಅಚ್ಚಾಗಿದ್ದರೆ ಕೆಲಸ ಮುಗಿಯಿತು. ಜಪಾನಿನಲ್ಲಿ 2009ರ ಏಪ್ರಿಲ್‌ನಿಂದ ಮನೆಬಳಕೆಯ ಏರ್ ಕಂಡಿಷನರ್‌ಗಳ ಮೇಲೆ ತಯಾರಿಕೆಯ ವರ್ಷವನ್ನೂ, ವಿನ್ಯಾಸದ ಪ್ರಕಾರ ಎಷ್ಟು ವರ್ಷ ಬಳಸಬಹುದು ಎಂಬುದನ್ನೂ ನಮೂದಿಸುವುದು ಕಡ್ಡಾಯವಾಗಿದೆ. ಅಲ್ಲಿನ ಬಹುಪಾಲು ಏರ್ ಕಂಡಿಷನರ್‌ಗಳು ಹೀಟ್ ಪಂಪ್‌ಗಳೇ. ಎಲ್ಲ ದೇಶಗಳೂ ಇದನ್ನು ಅನುಸರಿಸಬಾರದೇಕೆ ಎಂಬ ಪ್ರಶ್ನೆಗೆ ನನಗಂತೂ ಒಳ್ಳೆಯ ಉತ್ತರ ಹೊಳೆಯುವುದಿಲ್ಲ. ಒಂದು ಸಾಲಿನ ಮುದ್ರಣದಿಂದ ಮುಗಿಯುವ ಕೆಲಸಕ್ಕೆ ಗ್ರಾಹಕರು ಪತ್ತೇದಾರಿ ಮಾಡಬೇಕಾಗಿ ಬಂದಿದೆ.

ದಿನಾಂಕವಿಲ್ಲದಿದ್ದರೆ ಸೀರಿಯಲ್ ನಂಬರ್‌ನಲ್ಲಿ ಅದು ಅಡಗಿರುತ್ತದೆ, ಕಂಪನಿಗೊಂದು ರೀತಿಯಲ್ಲಿ. ಅಮೆರಿಕದ ಮಾರುಕಟ್ಟೆಯ ಹೆಸರುಗಳನ್ನೇ ತೆಗೆದುಕೊಳ್ಳಿ. ಕ್ಯಾರಿಯರ್‌ನಲ್ಲಿ ಮೊದಲ ಎರಡು ಅಂಕಿ ವಾರ, ನಂತರದ ಎರಡು ವರ್ಷ. ಗುಡ್‌ಮನ್‌ನಲ್ಲಿ ಮೊದಲೆರಡು ವರ್ಷ, ನಂತರದ ಎರಡು ತಿಂಗಳು. ಟ್ರೇನ್‌ನಲ್ಲಿ 2010ರಿಂದ ಈಚೆಗೆ ಮೊದಲೆರಡು ವರ್ಷ, ನಂತರದ ಎರಡು ವಾರ. ಅಂದರೆ 1012 ಎಂದು ಶುರುವಾಗುವ ಸಂಖ್ಯೆ ಕ್ಯಾರಿಯರ್ ಯಂತ್ರದ ಮೇಲಿದ್ದರೆ ಅದು 2012ರ ಹತ್ತನೆಯ ವಾರದ್ದು. ಗುಡ್‌ಮನ್ ಮೇಲಿದ್ದರೆ 2010ರ ಡಿಸೆಂಬರ್‌ನದ್ದು. ಟ್ರೇನ್ ಮೇಲಿದ್ದರೆ 2010ರ ಹನ್ನೆರಡನೆಯ ವಾರದ್ದು. ಅಂಕಿಗಳು ಅವೇ, ಹುಟ್ಟಿದ ದಿನ ಮೂರು ಬೇರೆ. ಟ್ರೇನ್‌ನದೇ 2002ರಿಂದ 2009ರವರೆಗಿನ ಯಂತ್ರಗಳಲ್ಲಿ ಮೊದಲ ಒಂದೇ ಅಂಕಿ ವರ್ಷ, ಮುಂದಿನೆರಡು ವಾರ: 534 ಎಂದರೆ 2005ರ ಮೂವತ್ತನಾಲ್ಕನೆಯ ವಾರ. ಲೆನಾಕ್ಸ್‌ನಲ್ಲಿ ಮೊದಲೆರಡು ಅಂಕಿ ಕಾರ್ಖಾನೆಯ ಗುರುತು, ನಂತರದ ಎರಡು ವರ್ಷ, ಅನಂತರ ತಿಂಗಳಿಗೊಂದು ಇಂಗ್ಲಿಷ್ ಅಕ್ಷರ; 5807 ಆದ ಮೇಲೆ ಡಿ ಇದ್ದರೆ 2007ರ ಏಪ್ರಿಲ್. ಒಂದರ ಅಂಕಿಯೆಂದು ಗೊಂದಲವಾಗದಿರಲಿ ಎಂದು ಐ ಅಕ್ಷರವನ್ನು ಬಿಟ್ಟಿರುತ್ತಾರೆ, ಹಾಗಾಗಿ ಸೆಪ್ಟೆಂಬರ್‌ಗೆ ಜೆ. ಯಾರ್ಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ವರ್ಷವನ್ನೇ ಸೀಳಿ ಇಡುತ್ತದೆ. 2004ರ ಕೊನೆಯ ನಂತರದ ಅದರ ಯಂತ್ರಗಳಲ್ಲಿ ಎರಡನೆಯ ಮತ್ತು ನಾಲ್ಕನೆಯ ಸ್ಥಾನದ ಅಂಕಿಗಳು ಸೇರಿದರೆ ವರ್ಷ, ನಡುವಿನ ಅಕ್ಷರ ತಿಂಗಳು.

ಬೇರೆ ಕಂಪನಿಯದಾದರೆ ಸೀರಿಯಲ್ ನಂಬರನ್ನು ಗ್ರಾಹಕ ಸೇವೆಗೆ ಕೊಟ್ಟು ಕೇಳುವುದೇ ನೇರ ದಾರಿ. ಆ ಸಂಖ್ಯೆಯ ಮೇಲೆ ವಾರಂಟಿ ಯಾವಾಗ ನೋಂದಣಿಯಾಗಿದೆ ಎಂಬುದೂ ಅವರಲ್ಲಿ ಸಿಗಬಹುದು. ಇದು ಮುಖ್ಯ, ಏಕೆಂದರೆ ತಯಾರಾದ ದಿನ ಮತ್ತು ಅಳವಡಿಸಿದ ದಿನ ಒಂದೇ ಅಲ್ಲ. ಗೋದಾಮಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೇಲೆ ಕೂತ ಯಂತ್ರಗಳಿವೆ. ಸವೆತದ ಲೆಕ್ಕಕ್ಕೆ ಬೇಕಾದದ್ದು ಅಳವಡಿಸಿದ ದಿನ. ವಾರಂಟಿಯೂ ಸಾಮಾನ್ಯವಾಗಿ ಅಂದಿನಿಂದಲೇ ಶುರುವಾಗುತ್ತದೆ. ನೋಂದಣಿಯ ಪುರಾವೆ ಇಲ್ಲದಿದ್ದರೆ ಮಾತ್ರ ಹಲವು ಕಂಪನಿಗಳು ತಯಾರಿಕೆಯ ದಿನಾಂಕಕ್ಕೆ ಜಾರಿಕೊಳ್ಳುತ್ತವೆ.

ಫಲಕ ಬಿಸಿಲಿಗೆ ಮಾಸಿ ಬಿಳಿಚಿಕೊಂಡಿದ್ದರೆ? ಒಳ ಘಟಕಕ್ಕೂ ತನ್ನದೇ ಫಲಕವಿದೆ. ನೆರಳಲ್ಲಿರುವುದರಿಂದ ಅದು ಬಹುಮಟ್ಟಿಗೆ ಓದುವಂತಿರುತ್ತದೆ. ಎರಡರ ದಿನಾಂಕಗಳ ನಡುವೆ ಹಲವು ವರ್ಷಗಳ ಅಂತರವಿದ್ದರೆ ಒಂದನ್ನು ನಡುವೆ ಯಾರೋ ಬದಲಿಸಿರಬಹುದು, ಅದೂ ಗೊತ್ತಿರಬೇಕಾದ ಸಂಗತಿ. ಹೊರ ಘಟಕದ ವಿದ್ಯುತ್ ಮುಚ್ಚಳದ ಒಳಬದಿಗೆ ಅಂಟಿಸಿದ ವೈರಿಂಗ್ ನಕ್ಷೆಯ ಮೂಲೆಯಲ್ಲಿ ನಕ್ಷೆ ತಯಾರಾದ ದಿನ ಇರುವುದುಂಟು. ಯಂತ್ರ ಅದಕ್ಕಿಂತ ಹಳೆಯದಿರಲು ಸಾಧ್ಯವಿಲ್ಲ. ಕಂಪ್ರೆಸರ್‌ಗೇ ಪ್ರತ್ಯೇಕ ಸಂಖ್ಯೆ ಇರುತ್ತದೆ, ಅದರ ವರ್ಷ ಯಂತ್ರದ್ದಕ್ಕಿಂತ ಈಚಿನದಾಗಿದ್ದರೆ ಕಂಪ್ರೆಸರ್ ಒಮ್ಮೆ ಬದಲಾಗಿದೆ. ಈ ಮುಚ್ಚಳವನ್ನು ತೆರೆಯುವ ಕೆಲಸ ಮಾತ್ರ ಮೆಕ್ಯಾನಿಕ್‌ಗೆ ಬಿಡಿ. ವಿದ್ಯುತ್ ಕಡಿತಗೊಳಿಸಿದ ನಂತರವೂ, ವಿದ್ಯುತ್ತನ್ನು ಕೂಡಿಡುವ ಕೆಪಾಸಿಟರ್ ಎಂಬ ಭಾಗದ ಒಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಏನೂ ಸಿಗದಿದ್ದರೂ ಶೀತಕದ ಹೆಸರೊಂದು ಓದಲು ಬಂದರೆ ವಯಸ್ಸಿನ ಅಂದಾಜು ಸಿಗುತ್ತದೆ. ಆರ್-22 ತುಂಬಿದ ಹೊಸ ಯಂತ್ರಗಳನ್ನು ತಯಾರಿಸುವುದು ಅಮೆರಿಕದಲ್ಲಿ 2010ರಲ್ಲಿ ನಿಂತಿತು, ಯುರೋಪಿನಲ್ಲಿ ಅದಕ್ಕೂ ಮೊದಲೇ. ಆರ್-410ಎ ಮನೆಯಂತ್ರಗಳಿಗೆ ಬಂದದ್ದು 1990ರ ದಶಕದ ಮಧ್ಯದಲ್ಲಿ. ಆರ್-32 ತುಂಬಿದ ಏರ್ ಕಂಡಿಷನರನ್ನು ಡೈಕಿನ್ ಜಪಾನಿನಲ್ಲಿ ಮೊದಲು ಮಾರಿದ್ದು 2012ರಲ್ಲಿ. ಆದ್ದರಿಂದ ಫಲಕದಲ್ಲಿ ಆರ್-32 ಕಂಡರೆ ನಿಮ್ಮ ಯಂತ್ರ 2012ಕ್ಕಿಂತ ಹಳೆಯದಲ್ಲ.

ವರ್ಷಕ್ಕಿಂತ ಗಂಟೆ ನಿಜ ಹೇಳುತ್ತದೆ

ಎರಡು ಮನೆಗಳಲ್ಲಿ ಒಂದೇ ದಿನ ಅಳವಡಿಸಿದ ಒಂದೇ ಮಾದರಿಯ ಯಂತ್ರಗಳು ಹದಿನೈದು ವರ್ಷದ ನಂತರ ಒಂದೇ ವಯಸ್ಸಿನವಲ್ಲ. ಸೌಮ್ಯ ಹವೆಯ ಊರಿನಲ್ಲಿ ವರ್ಷಕ್ಕೆ 2,000 ಗಂಟೆ ಓಡಿದ ಯಂತ್ರ ಆ ಹೊತ್ತಿಗೆ 30,000 ಗಂಟೆ ದುಡಿದಿರುತ್ತದೆ. ದೀರ್ಘ ಚಳಿಗಾಲದ ಊರಿನಲ್ಲಿ ವರ್ಷಕ್ಕೆ 4,000 ಗಂಟೆ ಓಡಿದ್ದರೆ 60,000 ಗಂಟೆ. ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳುವಾಗ ಮಾಡೆಲ್ ವರ್ಷಕ್ಕಿಂತ ಓಡಿದ ಕಿಲೋಮೀಟರನ್ನು ನೋಡುವಂತೆ ಇಲ್ಲಿ ಗಂಟೆಗಳನ್ನು ನೋಡಬೇಕು. ಈಚಿನ ಹಲವು ಯಂತ್ರಗಳ ನಿಯಂತ್ರಣ ಫಲಕದ ಸೇವಾ ಮೆನುವಿನಲ್ಲಿ ಕಂಪ್ರೆಸರ್ ಓಡಿದ ಗಂಟೆ ಮತ್ತು ಅದು ಶುರುವಾದ ಸಲ ಎರಡೂ ದಾಖಲಾಗಿರುತ್ತವೆ. ಮನೆಯವರು ನೋಡಿರುವುದಿಲ್ಲ, ಎಷ್ಟೋ ಸಲ ಮೆಕ್ಯಾನಿಕ್ ಕೂಡ ನೋಡಿರುವುದಿಲ್ಲ.

ಈ ಎರಡು ಸಂಖ್ಯೆಗಳನ್ನು ಒಂದರಿಂದ ಒಂದು ಭಾಗಿಸಿದರೆ ಬರುವ ಉತ್ತರ ಬಲು ಮೌಲಿಕವಾದದ್ದು. 30,000 ಗಂಟೆಯಲ್ಲಿ 60,000 ಸಲ ಶುರುವಾಗಿದ್ದರೆ ಪ್ರತಿ ಸಲ ಸರಾಸರಿ ಅರ್ಧ ಗಂಟೆ ಓಡಿದೆ. ಇದು ನೆಮ್ಮದಿಯ ಬಾಳು. ಅದೇ 30,000 ಗಂಟೆಯಲ್ಲಿ 3,00,000 ಸಲ ಶುರುವಾಗಿದ್ದರೆ ಪ್ರತಿ ಸಲ ಓಡಿದ್ದು ಆರೇ ನಿಮಿಷ. ಕಂಪ್ರೆಸರ್‌ಗೆ ಅತಿ ಹೆಚ್ಚು ಪೆಟ್ಟು ಬೀಳುವುದು ಶುರುವಾಗುವ ಗಳಿಗೆಯಲ್ಲಿ. ಮೋಟಾರಿಗೆ ಆಗ ಹೆಚ್ಚಿನ ವಿದ್ಯುತ್ ನುಗ್ಗುತ್ತದೆ, ಎಣ್ಣೆ ಇನ್ನೂ ಎಲ್ಲ ಭಾಗಗಳಿಗೂ ತಲುಪಿರುವುದಿಲ್ಲ. ಆರು ನಿಮಿಷಕ್ಕೊಮ್ಮೆ ನಿಂತು ಏಳುವ ಯಂತ್ರ ವರ್ಷದ ಲೆಕ್ಕದಲ್ಲಿ ಎಳೆಯದಾಗಿದ್ದರೂ ಒಳಗೆ ಮುದಿಯಾಗಿರುತ್ತದೆ.

ಹೀಗಾಗಲು ಬಹಳ ಸಲ ಕಾರಣ ಒಂದೇ: ಮನೆಗೆ ಬೇಕಾದುದಕ್ಕಿಂತ ದೊಡ್ಡ ಯಂತ್ರ. ‘ಇರಲಿ, ಸ್ವಲ್ಪ ದೊಡ್ಡದೇ ಹಾಕೋಣ’ ಎಂಬ ಔದಾರ್ಯ ಯಂತ್ರದ ಆಯುಷ್ಯವನ್ನು ಕಡಿಮೆ ಮಾಡುತ್ತದೆ, ಮೇಲೆ ಬಿಲ್ಲನ್ನೂ ಹೆಚ್ಚಿಸುತ್ತದೆ. ವೇಗವನ್ನು ಬೇಕಾದಂತೆ ಏರಿಳಿಸಿಕೊಳ್ಳುವ ಇನ್ವರ್ಟರ್ ಕಂಪ್ರೆಸರ್‌ಗಳಲ್ಲಿ ಈ ತೊಂದರೆ ಕಡಿಮೆ, ಆದರೆ ಅವಕ್ಕೂ ಇಳಿಯಬಹುದಾದ ಕನಿಷ್ಠ ವೇಗವೊಂದಿದೆ. ಮನೆಯ ಬೇಡಿಕೆ ಅದಕ್ಕಿಂತ ಕೆಳಗಿದ್ದರೆ ಅವೂ ನಿಂತು ನಿಂತು ಓಡುತ್ತವೆ.

ಮುಪ್ಪೋ, ಬರೀ ಕೊಳೆಯೋ

ಯಂತ್ರ ಸೊರಗಿದೆ ಎಂದು ಅನ್ನಿಸುವುದಕ್ಕೂ ಸೊರಗಿರುವುದಕ್ಕೂ ವ್ಯತ್ಯಾಸವಿದೆ. ಬಿಲ್ಲನ್ನು ಹಾಗೇ ನೋಡಿದರೆ ಅದು ದಾರಿ ತಪ್ಪಿಸುತ್ತದೆ, ಏಕೆಂದರೆ ಎಲ್ಲ ವರ್ಷಗಳ ಚಳಿಯೂ ಒಂದೇ ಅಲ್ಲ. ಚಳಿಯ ಪ್ರಮಾಣಕ್ಕೆ ಬಿಲ್ಲನ್ನು ಹೊಂದಿಸಿಕೊಳ್ಳಲು ಸರಳವಾದ ಉಪಾಯವಿದೆ. 18 ಡಿಗ್ರಿಯನ್ನು ಆಧಾರವಾಗಿಟ್ಟುಕೊಳ್ಳಿ. ತಿಂಗಳ ಸರಾಸರಿ ಹೊರ ತಾಪವನ್ನು ಅದರಿಂದ ಕಳೆದು 30ರಿಂದ ಗುಣಿಸಿ. ಸರಾಸರಿ 6 ಡಿಗ್ರಿ ಇದ್ದ ತಿಂಗಳಿಗೆ 12ನ್ನು 30ರಿಂದ ಗುಣಿಸಿದರೆ 360. ಆ ತಿಂಗಳು ಹೀಟ್ ಪಂಪ್‌ಗೆ 540 ಯೂನಿಟ್ ಖರ್ಚಾಗಿದ್ದರೆ 540ನ್ನು 360ರಿಂದ ಭಾಗಿಸಿ: 1.5. ಮರುವರ್ಷ ಅದೇ ತಿಂಗಳ ಸರಾಸರಿ 8 ಡಿಗ್ರಿ, ಖರ್ಚು 510 ಯೂನಿಟ್ ಎಂದುಕೊಳ್ಳಿ. ಬಿಲ್ಲು ಇಳಿದಿದೆ, ಮನೆಯವರಿಗೆ ಖುಷಿ. ಆದರೆ ಈಗ ಭಾಜಕ 300, ಉತ್ತರ 1.7. ಪ್ರತಿ ಡಿಗ್ರಿ ಚಳಿಗೆ ಯಂತ್ರ ಶೇಕಡ 13ರಷ್ಟು ಹೆಚ್ಚು ವಿದ್ಯುತ್ ನುಂಗುತ್ತಿದೆ. ಎರಡು ಮೂರು ಚಳಿಗಾಲ ಈ ಸಂಖ್ಯೆಯನ್ನು ಬರೆದಿಟ್ಟುಕೊಂಡವರಿಗೆ ಯಾವ ಮಾರಾಟಗಾರನೂ ಸುಲಭವಾಗಿ ಟೋಪಿ ಹಾಕಲಾರ.

ಸಂಖ್ಯೆ ಏರಿತು ಎಂದ ಕೂಡಲೇ ಹೊಸ ಯಂತ್ರಕ್ಕೆ ಮುಂಗಡ ಕೊಡಬೇಕಿಲ್ಲ. ಕೊಳೆ ಕಟ್ಟಿದ ಫಿಲ್ಟರ್, ಎಲೆ ಕಸ ಮುಚ್ಚಿದ ಹೊರ ಸುರುಳಿ, ದುರ್ಬಲವಾದ ಕೆಪಾಸಿಟರ್, ಸುಟ್ಟ ಕಾಂಟ್ಯಾಕ್ಟರ್ ಎಂಬ ವಿದ್ಯುತ್ ಸ್ವಿಚ್, ತಪ್ಪು ತಾಪ ಹೇಳುವ ಸಂವೇದಕ, ಸೋರುವ ಗಾಳಿ ನಾಳ ಇವೆಲ್ಲ ಮುಪ್ಪಿನ ವೇಷ ಹಾಕಿ ಬರುತ್ತವೆ, ಇವೆಲ್ಲ ಅಗ್ಗದಲ್ಲಿ ಸರಿಹೋಗುತ್ತವೆ. ಐದು ವರ್ಷದ ಯಂತ್ರಕ್ಕೂ ಬರುತ್ತವೆ, ಹದಿನೈದರದ್ದಕ್ಕೂ ಬರುತ್ತವೆ. ಹೊರ ಸುರುಳಿಯ ಮೇಲೆ ಚಳಿಯಲ್ಲಿ ಹಿಮ ಕೂರುವುದು, ಆಗಾಗ ಯಂತ್ರ ದಿಕ್ಕು ತಿರುಗಿಸಿ ಅದನ್ನು ಕರಗಿಸುವುದು, ಆಗ ಹೊಗೆಯಂತೆ ಆವಿ ಏಳುವುದು ಯಾವುದೂ ರೋಗವಲ್ಲ. ಗಂಟೆಗಟ್ಟಲೆ ಕರಗದೆ ಗಟ್ಟಿ ಮಂಜುಗಡ್ಡೆಯಾಗಿ ನಿಂತರೆ ಮಾತ್ರ ರೋಗ, ಅದೂ ಹಲವು ಸಲ ಒಂದು ಸಂವೇದಕದ್ದು ಅಥವಾ ಹಿಮ ಕರಗಿಸುವುದನ್ನು ನಿಯಂತ್ರಿಸುವ ಡಿಫ್ರಾಸ್ಟ್ ಬೋರ್ಡಿನದ್ದು.

ಸಹಾಯಕ ಹೀಟರ್ ಕಡೆಗೂ ಕಣ್ಣಿಡಬೇಕು. ವಿಪರೀತ ಚಳಿಗೆಂದು ಜೊತೆಗಿಟ್ಟಿರುವ ಈ ವಿದ್ಯುತ್ ಕಾಯಿಲ್ ಒಂದು ಯೂನಿಟ್ ತಿಂದು ಒಂದೇ ಯೂನಿಟ್ ಶಾಖ ಕೊಡುತ್ತದೆ. ಮುಖ್ಯ ಯಂತ್ರ ಸೋಲುತ್ತಿದ್ದರೂ ಇದು ಸದ್ದಿಲ್ಲದೆ ಕೊರತೆ ತುಂಬುವುದರಿಂದ ಮನೆ ಬೆಚ್ಚಗೇ ಇರುತ್ತದೆ, ಯಾರಿಗೂ ಸಂಶಯ ಬರುವುದಿಲ್ಲ. ಮೊದಲು ಅಪರೂಪಕ್ಕೆ ಹೊತ್ತಿಕೊಳ್ಳುತ್ತಿದ್ದ ಹೀಟರ್ ಸಾಧಾರಣ ಚಳಿಗೂ ಹೊತ್ತಿಕೊಳ್ಳತೊಡಗಿದರೆ ಮೆಕ್ಯಾನಿಕ್‌ನನ್ನು ಕರೆಸುವ ಹೊತ್ತು ಬಂದಿದೆ.

ನಿಜವಾದ ಮುಪ್ಪಿನ ರೋಗಗಳು ಮೂರು: ಕಂಪ್ರೆಸರ್ ಸೋಲುವುದು, ಸುರುಳಿಯಲ್ಲಿ ತುಕ್ಕು ಹಿಡಿದು ಸೋರಿಕೆಯಾಗುವುದು, ರಿವರ್ಸಿಂಗ್ ವಾಲ್ವ್ ಸಿಕ್ಕಿಕೊಳ್ಳುವುದು. ಕಂಪ್ರೆಸರ್ ಸುಟ್ಟಾಗ ಎಣ್ಣೆಯಲ್ಲಿ ಆಮ್ಲ ಸೇರಿ ಇಡೀ ಕೊಳವೆ ಜಾಲಕ್ಕೆ ಹರಡುತ್ತದೆ. ಸರಿಯಾಗಿ ಶುಚಿ ಮಾಡದೆ ಹೊಸ ಕಂಪ್ರೆಸರ್ ಕೂರಿಸಿದರೆ ಅದೂ ಅದೇ ಗತಿ ಕಾಣುತ್ತದೆ. ಹಳೆಯ ಯಂತ್ರದಲ್ಲಿ ‘ಕಂಪ್ರೆಸರ್ ಮಾತ್ರ ಬದಲಿಸೋಣ’ ಎಂಬ ಮಾತನ್ನು ನಾನು ಅನುಮಾನದಿಂದ ನೋಡುವುದು ಇದಕ್ಕೇ. ವಾರಂಟಿಯಲ್ಲಿ ಕಂಪ್ರೆಸರ್ ಉಚಿತವಾಗಿ ಸಿಕ್ಕರೂ ಕೂಲಿ, ಶೀತಕ, ಶುಚಿಯ ಖರ್ಚು ಸಾಮಾನ್ಯವಾಗಿ ಮನೆಯವರದ್ದೇ.

ಇನ್ನು ಪ್ರತಿ ವರ್ಷ ‘ಗ್ಯಾಸ್ ತುಂಬಿಸುವ’ ಸಂಪ್ರದಾಯ. ಶೀತಕ ಪೆಟ್ರೋಲಿನಂತೆ ಉರಿದು ಖಾಲಿಯಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಯಲ್ಲಿ ಯಂತ್ರದ ಜೀವಮಾನವೆಲ್ಲ ಅದೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಸೋರಿದೆ. ಸೋರಿಕೆ ಎಲ್ಲಿ ಎಂದು ಹುಡುಕದೆ ಸಿಲಿಂಡರ್ ಜೋಡಿಸುವ ಮೆಕ್ಯಾನಿಕ್ ಮುಂದಿನ ವರ್ಷದ ಕೆಲಸವನ್ನು ಈ ವರ್ಷವೇ ಕಾದಿರಿಸಿಕೊಂಡು ಹೋಗುತ್ತಾನೆ. ಸೋರಿಕೆ ಕೊಳವೆಯ ಜೋಡಣೆಯಲ್ಲಿದ್ದರೆ ಬಿಗಿ ಮಾಡಬಹುದು, ಬೆಸೆಯಬಹುದು. ಸುರುಳಿಯ ಹೊಟ್ಟೆಯಲ್ಲಿ ಒಂದಲ್ಲ ಎಂದು ಹಲವು ಕಡೆ ತೂತಾಗಿದ್ದರೆ ಅಲ್ಲಿಗೆ ಆಯಿತು.

ಶೀತಕದ ಪೀಳಿಗೆ

ಯಂತ್ರ ಗಟ್ಟಿಯಾಗಿದ್ದರೂ ಅದರ ರಕ್ತ ಸಿಗದೇ ಹೋಗಬಹುದು. ಓಝೋನ್ ಪದರವನ್ನು ಉಳಿಸಲು 1987ರಲ್ಲಾದ ಮಾಂಟ್ರಿಯಲ್ ಒಪ್ಪಂದದ ಮುಂದುವರಿಕೆಯಾಗಿ ಆರ್-22 ಹಂತ ಹಂತವಾಗಿ ಮರೆಯಾಗುತ್ತಿದೆ. ಅಮೆರಿಕದಲ್ಲಿ ಅದರ ಉತ್ಪಾದನೆ ಮತ್ತು ಆಮದು 2020ರ ಜನವರಿಯಿಂದ ನಿಂತಿದೆ. ಹಿಂದಿನ ದಾಸ್ತಾನು ಮತ್ತು ಹಳೆಯ ಯಂತ್ರಗಳಿಂದ ಹಿಂಪಡೆದು ಶುದ್ಧೀಕರಿಸಿದ್ದು ಮಾತ್ರ ಉಳಿದಿರುವುದರಿಂದ ಅದು ದುಬಾರಿ. ಯುರೋಪಿನಲ್ಲಿ 2015ರಿಂದ ಮರುಬಳಕೆಯದನ್ನು ತುಂಬುವುದಕ್ಕೂ ಅವಕಾಶವಿಲ್ಲ. ಓಝೋನ್‌ಗೆ ಹಾನಿ ಮಾಡದ ಆರ್-410ಎ ಅದರ ಜಾಗಕ್ಕೆ ಬಂತು, ಆದರೆ ಅದರ ದೋಷ ಬೇರೆ: ಒಂದು ಕಿಲೋ ಆರ್-410ಎ ವಾತಾವರಣಕ್ಕೆ ಸೇರಿದರೆ ಅದು 2,088 ಕಿಲೋ ಇಂಗಾಲದ ಡೈಆಕ್ಸೈಡ್‌ನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. 2016ರ ಕಿಗಾಲಿ ತಿದ್ದುಪಡಿ ಇಂಥ ಅನಿಲಗಳಿಗೂ ಮೂಗುದಾರ ಹಾಕಿತು. ಅಮೆರಿಕದಲ್ಲಿ 2025ರಿಂದ, ಇಂಗಾಲದ ಡೈಆಕ್ಸೈಡ್‌ಗೆ ಹೋಲಿಸಿ ಹೇಳುವ ಈ ಅಂಕ 700 ಮೀರಿದ ಶೀತಕದ ಮನೆಬಳಕೆಯ ಹೊಸ ಯಂತ್ರಗಳ ತಯಾರಿಕೆ ನಿಂತಿದೆ. ಆರ್-32ರ ಅಂಕ 675, ಆರ್-454ಬಿಯದು 466. ಪ್ರೊಪೇನ್, ಅಂದರೆ ಆರ್-290ರದ್ದು 3ರ ಆಸುಪಾಸು.

ಮನೆಯವರಿಗೆ ಇದರಿಂದ ಏನು? ಆರ್-22 ಯಂತ್ರ ಸೋರತೊಡಗಿದರೆ ದುರಸ್ತಿಗೆ ಹಣ ಸುರಿಯುವುದರಲ್ಲಿ ಅರ್ಥವಿಲ್ಲ, ಅದನ್ನು ಬದಲಿಸಿ. ಸೋರದೆ ಓಡುತ್ತಿದ್ದರೆ ಓಡಲಿ ಬಿಡಿ. ಆರ್-410ಎ ಯಂತ್ರ ಇಂದೇ ಅನಾಥವಾಗುವುದಿಲ್ಲ, ಸೇವೆಗೆ ಬೇಕಾದ ಅನಿಲ ಇನ್ನೂ ಹಲವು ವರ್ಷ ಸಿಗುತ್ತದೆ. ‘ನಿಷೇಧವಾಗಿದೆ, ಕೂಡಲೇ ಬದಲಿಸಿ’ ಎನ್ನುವವರು ಹೊಸ ಯಂತ್ರಗಳಿಗೆ ಬಂದ ನಿಯಮವನ್ನು ಹಳೆಯವಕ್ಕೂ ಹಚ್ಚುತ್ತಿದ್ದಾರೆ. ಹಳೆಯ ಯಂತ್ರಕ್ಕೆ ಹೊಸ ಶೀತಕ ತುಂಬುವ ಉಪಾಯವಂತೂ ಬೇಡ. ಆರ್-410ಎ ಒತ್ತಡ ಆರ್-22ರದ್ದಕ್ಕಿಂತ ಒಂದೂವರೆ ಪಟ್ಟಿನಷ್ಟು. ಆರ್-32 ಮತ್ತು ಆರ್-454ಬಿ ಅಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗುಣದವು, ಪ್ರೊಪೇನ್ ಚೆನ್ನಾಗಿಯೇ ಹೊತ್ತಿಕೊಳ್ಳುತ್ತದೆ. ಅವುಗಳಿಗೆಂದೇ ವಿನ್ಯಾಸಗೊಂಡ ಯಂತ್ರಗಳಲ್ಲಿ ಮಾತ್ರ ಅವು ಇರಬೇಕು. ಶೀತಕದ ಪೀಳಿಗೆ ಬದಲಾದ ಮೇಲೆ ಹೊರ ಘಟಕವನ್ನಷ್ಟೇ ಹೊಸದು ಮಾಡಿ ಒಳ ಘಟಕವನ್ನು ಹಳೆಯದೇ ಉಳಿಸುವ ಮಿತವ್ಯಯವೂ ನಡೆಯುವುದಿಲ್ಲ. ಜೋಡಿ ಹೊಂದದ ಘಟಕಗಳು ಹೇಳಿದ ದಕ್ಷತೆಯನ್ನು ಕೊಡುವುದಿಲ್ಲ, ವಾರಂಟಿಯೂ ಉಳಿಯುವುದಿಲ್ಲ.

ಹೊಸದು ಎಷ್ಟು ಉಳಿಸುತ್ತದೆ

ಮನೆಗೆ ಒಂದು ಚಳಿಗಾಲಕ್ಕೆ 9,000 ಯೂನಿಟ್ ಶಾಖ ಬೇಕು ಎಂದುಕೊಳ್ಳಿ. ಹಳೆಯ ಯಂತ್ರದ ಋತುಮಾನದ ಸರಾಸರಿ ಸಿಒಪಿ 2.5 ಆಗಿದ್ದರೆ ಖರ್ಚು 3,600 ಯೂನಿಟ್ ವಿದ್ಯುತ್. 3.5ರ ಹೊಸ ಯಂತ್ರಕ್ಕೆ ಸುಮಾರು 2,570. ಉಳಿತಾಯ ವರ್ಷಕ್ಕೆ 1,030 ಯೂನಿಟ್. ಇದನ್ನು ನಿಮ್ಮ ವಿದ್ಯುತ್ ದರದಿಂದ ಗುಣಿಸಿ, ಹೊಸ ಯಂತ್ರದ ಬೆಲೆಯನ್ನು ಆ ಮೊತ್ತದಿಂದ ಭಾಗಿಸಿ. ಎಷ್ಟು ವರ್ಷದಲ್ಲಿ ಹಣ ಮರಳುತ್ತದೆ ಎಂಬುದು ಕಾಣುತ್ತದೆ. ಚೆನ್ನಾಗಿ ಓಡುವ ಯಂತ್ರವನ್ನು ಬರೀ ಉಳಿತಾಯದ ಆಸೆಗೆ ಕಿತ್ತೆಸೆಯುವುದು ಎಷ್ಟೋ ಸಲ ಲಾಭದ್ದಲ್ಲ ಎಂದು ಈ ಭಾಗಾಕಾರವೇ ಹೇಳಿಬಿಡುತ್ತದೆ. ಮೇಲಕ್ಕೆ ಹೋದಂತೆ ಲಾಭ ಕುಗ್ಗುತ್ತದೆ ಎಂಬುದನ್ನೂ ಗಮನಿಸಿ. 3.5ರ ಬದಲು 4ರ ಯಂತ್ರ ಕೊಂಡರೆ ಹೆಚ್ಚುವರಿ ಉಳಿತಾಯ ಕೇವಲ 320 ಯೂನಿಟ್. ದುಬಾರಿ ಮಾದರಿಯನ್ನು ಮಾರುವವರು ಈ ಎರಡನೆಯ ಲೆಕ್ಕವನ್ನು ತೋರಿಸುವುದು ಕಡಿಮೆ. ಕ್ಯಾಟಲಾಗಿನ ದೊಡ್ಡ ಅಂಕಿ ಸಾಮಾನ್ಯವಾಗಿ ಹೊರ ತಾಪ 7 ಡಿಗ್ರಿ ಇರುವಾಗ ಅಳೆದದ್ದು. ಸೊನ್ನೆಯ ಕೆಳಗೆ ಅದು ಇಳಿಯುತ್ತದೆ. ಆದ್ದರಿಂದ ಋತುಮಾನದ ಸರಾಸರಿಯನ್ನೇ ಕೇಳಿ.

ಹೊಸದರ ಪರವಾಗಿ ಗಟ್ಟಿ ವಾದವೂ ಇದೆ. ಹಳೆಯ ಒಂದೇ ವೇಗದ ಯಂತ್ರ ಚಳಿ ಹೆಚ್ಚಿದಂತೆ ಬಲ ಕಳೆದುಕೊಂಡು ಸಹಾಯಕ ಹೀಟರ್‌ಗೆ ಶರಣಾಗುತ್ತಿತ್ತು. ಶೀತ ಪ್ರದೇಶಕ್ಕೆಂದೇ ಮಾಡಿದ ಇಂದಿನ ಇನ್ವರ್ಟರ್ ಯಂತ್ರಗಳಲ್ಲಿ ಕೆಲವು ಮೈನಸ್ 25 ಡಿಗ್ರಿಯಲ್ಲೂ ಕೆಲಸ ಮಾಡುತ್ತವೆ. ಆ 9,000ದಲ್ಲಿ 2,000 ಯೂನಿಟ್ ಶಾಖವನ್ನು ಹೀಟರ್ ಕೊಡುತ್ತಿದ್ದರೆ ಹಳೆಯ ವ್ಯವಸ್ಥೆಯ ನಿಜ ಖರ್ಚು 3,600 ಅಲ್ಲ, 4,800. ಆಗ ಹೊಸ ಯಂತ್ರದ ಉಳಿತಾಯ ದುಪ್ಪಟ್ಟು ಮೀರುತ್ತದೆ, ತೀರ್ಮಾನವೂ ತಿರುಗುತ್ತದೆ.

ದುರಸ್ತಿಯ ಬಗ್ಗೆ ಚಲಾವಣೆಯಲ್ಲಿರುವ ಸೂತ್ರ ಒಂದಿದೆ: ದುರಸ್ತಿ ವೆಚ್ಚ ಹೊಸದರ ಬೆಲೆಯ ಅರ್ಧ ದಾಟಿದರೆ ಬದಲಿಸಿ. ಒರಟು ಸೂತ್ರ, ಆದರೂ ಕೆಲಸಕ್ಕೆ ಬರುತ್ತದೆ. ನಾನಾದರೆ ಉಳಿದ ಆಯುಷ್ಯವನ್ನು ಅದಕ್ಕೆ ಸೇರಿಸುತ್ತೇನೆ. ದುರಸ್ತಿಯ ಮೊತ್ತವನ್ನು ಯಂತ್ರ ಇನ್ನೆಷ್ಟು ವರ್ಷ ಓಡಬಹುದೋ ಅಷ್ಟರಿಂದ ಭಾಗಿಸಿ. ಹೊಸದರ ಬೆಲೆಯನ್ನು 15ರಿಂದ ಭಾಗಿಸಿ, ವರ್ಷದ ಉಳಿತಾಯವನ್ನು ಅದರಿಂದ ಕಳೆಯಿರಿ. ಯಾವುದು ಕಡಿಮೆಯೋ ಅದು. ಏಳು ವರ್ಷದ ಯಂತ್ರದಲ್ಲಿ ದೊಡ್ಡ ದುರಸ್ತಿಯೂ ಗೆಲ್ಲುತ್ತದೆ. ಹದಿನಾಲ್ಕು ವರ್ಷದ್ದರಲ್ಲಿ ಅದೇ ದುರಸ್ತಿ ಸೋಲುತ್ತದೆ. ಬಿಡಿಭಾಗ ಸಿಗುತ್ತದೆಯೇ ಎಂಬುದನ್ನು ಲೆಕ್ಕಕ್ಕೆ ಮುಂಚೆಯೇ ಕೇಳಿಕೊಳ್ಳಿ. ಕೆಪಾಸಿಟರ್, ಫ್ಯಾನ್ ಮೋಟಾರ್ ಎಲ್ಲೆಡೆ ಸಿಗುವ ಸಾಮಾನು, ಆದರೆ ಇನ್ವರ್ಟರ್ ಯಂತ್ರದ ವಿದ್ಯುನ್ಮಾನ ಬೋರ್ಡ್ ಆಯಾ ಮಾದರಿಗೆ ಮಾತ್ರ ಹೊಂದುವಂಥದ್ದು. ಕಂಪ್ರೆಸರ್ ಗಟ್ಟಿಯಾಗಿದ್ದೂ ಬೋರ್ಡ್ ಸಿಗದೆ ಮೂಲೆ ಸೇರಿದ ಯಂತ್ರಗಳಿವೆ.

ಇಷ್ಟೆಲ್ಲ ಲೆಕ್ಕ ಹಾಕಲು ಬಿಡುವು ಬೇಕು. ಕಡು ಚಳಿಯ ರಾತ್ರಿ ಯಂತ್ರ ನಿಂತ ಮೇಲೆ ಅದು ಸಿಗುವುದಿಲ್ಲ. ಮೆಕ್ಯಾನಿಕ್‌ನ ವ್ಯಾನಿನಲ್ಲಿ ಯಾವುದಿದೆಯೋ ಅದೇ ನಿಮ್ಮ ಆಯ್ಕೆಯಾಗುತ್ತದೆ. ಹತ್ತು ತುಂಬಿದ ವರ್ಷವೇ ಗಂಟೆ, ಶುರುವಾದ ಸಲ, ಶೀತಕದ ಹೆಸರು, ಪ್ರತಿ ಡಿಗ್ರಿಯ ಖರ್ಚು ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದಿಡಬೇಕು, ಹನ್ನೆರಡು ದಾಟಿದ ಮೇಲೆ ಅವಸರವಿಲ್ಲದೆ ದರಪಟ್ಟಿ ತರಿಸಬೇಕು ಎಂಬುದು ನನ್ನ ಸಲಹೆ. ಚಳಿಗೂ ಸೆಖೆಗೂ ನಡುವಿನ ತಿಂಗಳುಗಳಲ್ಲಿ ಕೆಲಸಗಾರರಿಗೆ ಬಿಡುವಿರುತ್ತದೆ, ಕೆಲಸ ಅಚ್ಚುಕಟ್ಟಾಗಿ ಆಗುತ್ತದೆ.

ದರಪಟ್ಟಿ ಕೊಡುವವರು ಹಳೆಯ ಫಲಕದ ಸಾಮರ್ಥ್ಯ ನೋಡಿ ‘ಅಷ್ಟೇ ಅಳತೆಯದು’ ಎಂದು ಬರೆದರೆ ಒಪ್ಪಬೇಡಿ. ಈ ಹದಿನೈದು ವರ್ಷದಲ್ಲಿ ಕಿಟಕಿ ಬದಲಾಗಿರಬಹುದು, ಛಾವಣಿಗೆ ನಿರೋಧಕ ಹೊದಿಕೆ ಬಿದ್ದಿರಬಹುದು, ಮೊದಲ ಯಂತ್ರವೇ ಅಳತೆ ಮೀರಿದ್ದಾಗಿರಬಹುದು. ಕೋಣೆ ಕೋಣೆಯ ಶಾಖದ ನಷ್ಟವನ್ನು ಲೆಕ್ಕ ಹಾಕಿ ಬರವಣಿಗೆಯಲ್ಲಿ ಕೊಡುವಂತೆ ಕೇಳಿ. ಮನೆಯನ್ನು ಬಿಗಿಗೊಳಿಸುವ ಯೋಚನೆಯಿದ್ದರೆ ಅದನ್ನು ಮೊದಲು ಮುಗಿಸಿ, ಆಮೇಲೆ ಚಿಕ್ಕ ಯಂತ್ರ ಸಾಕಾಗಬಹುದು. ನೆಲದಾಳದ ವ್ಯವಸ್ಥೆಯಾದರೆ ಹೂತ ಕೊಳವೆಗಳನ್ನು ಮುಟ್ಟದೆ ಯಂತ್ರವನ್ನಷ್ಟೇ ಬದಲಿಸಬಹುದು, ಎರಡನೆಯ ಸಲದ ಖರ್ಚು ಮೊದಲಿನದಕ್ಕಿಂತ ಎಷ್ಟೋ ಕಡಿಮೆ.

ಹಳೆಯ ಘಟಕವನ್ನು ಕಳಚುವ ದಿನ ಒಂದು ಕೆಲಸ ಬಾಕಿ ಇರುತ್ತದೆ. ಕೊಳವೆ ಕತ್ತರಿಸುವ ಮುನ್ನ ಒಳಗಿನ ಶೀತಕವನ್ನು ಯಂತ್ರದಿಂದ ಸೆಳೆದು ಸಿಲಿಂಡರಿಗೆ ತುಂಬಿಕೊಳ್ಳಬೇಕು. ಅಮೆರಿಕದಲ್ಲಿ, ಯುರೋಪಿನಲ್ಲಿ ಇದು ಕಾನೂನು, ಬೇರೆಡೆ ಎಷ್ಟೋ ಸಲ ಗಾಳಿಗೇ ಬಿಟ್ಟುಬಿಡುತ್ತಾರೆ. ಎರಡು ಕಿಲೋ ಆರ್-410ಎ ಹಾಗೆ ಹಾರಿಹೋದರೆ ಅದು ನಾಲ್ಕು ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮ. ಹೊಸ ಯಂತ್ರ ವರ್ಷಗಟ್ಟಲೆ ಓಡಿ ಉಳಿಸಿಕೊಡಬೇಕಾದದ್ದು ಮೊದಲ ದಿನವೇ ಹೋಗಿಬಿಡುತ್ತದೆ. ಹಿಂಪಡೆದ ಶೀತಕದ ತೂಕವನ್ನು ಬಿಲ್ಲಿನಲ್ಲಿ ಬರೆಯಲು ಹೇಳಿ, ಫಲಕದ ಮೇಲಿನ ತೂಕದೊಂದಿಗೆ ಹೋಲಿಸಿ ನೋಡಿ.